ಅಪ್ಪನ ಮಳೆ ಡೈರಿ

ಕೊಡಗಿನ ತೋಟದವರ ಬಾಯಲ್ಲಿ ಮಿಲಿಮೀಟರ್ ಬರುವುದಿಲ್ಲ. ಇಂಚು, ಸೆಂಟು ಅಷ್ಟೇ; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದು ಕೇಳಿದರೆ ‘ಎರಡು ಇಂಚು ನಲವತ್ತು ಸೆಂಟು’ ಅನ್ನುತ್ತೇವೆ. ಮಕ್ಕಂದೂರು ಕಡೆಯ ನಮ್ಮ ಮನೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕಿಳಿದು, ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ನೇರಕ್ಕೆ ಹಿಡಿದು ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ಆ ಲೆಕ್ಕವೆಲ್ಲ ಕಾಫಿಗಾಗಿ: ಕಾಫಿ ಹೂ ಅರಳಿಸುವ ಹೂಮಳೆ ಸಾಕಷ್ಟು ಬಿತ್ತೇ, ಮಳೆ ಹೆಚ್ಚಾಗಿ ಕಾಯಿ ಉದುರೀತೇ ಎಂದು. ಗುಡ್ಡಕ್ಕೂ ಒಂದು ಲೆಕ್ಕ ಇಡಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

2018ರಲ್ಲಿ ಜೂನ್, ಜುಲೈ ಎರಡೂ ತಿಂಗಳು ಸುರಿದು ಮಣ್ಣು ಆಗಲೇ ನೀರು ಕುಡಿದು ಕೂತಿತ್ತು. ಆಗಸ್ಟ್ 16, ಆಶ್ಲೇಷಾ ಮುಗಿದು ಮಘೆ ಹುಟ್ಟುವ ಹೊತ್ತು. ಅವತ್ತು ಮಾಪಕ ತುಂಬಿ ಹರಿದೀತೆಂದು ಅಪ್ಪ ಮೂರು ಸಲ ಅಳೆದು ಚೆಲ್ಲಿದರು. ಸಂಜೆ ಹಿತ್ತಲಿನ ಒರತೆಯ ನೀರು ಕೆಂಪಗೆ ಬಂತು. ಎಷ್ಟು ಮಳೆಗೂ ತಿಳಿಯಾಗೇ ಇರುತ್ತಿದ್ದ ನೀರು ಅದು. ಅಮ್ಮ ಕೊಡ ಅಲ್ಲೇ ಬಿಟ್ಟು ಬಂದು, ‘ಇಲ್ಲಿ ಮಲಗುವುದು ಬೇಡ’ ಅಂದರು. ಮನೆ ಹಿಂದಿನ ಬರೆಯ, ಅಂದರೆ ಕಡಿದಾದ ಗುಡ್ಡದ ಬದಿಯ, ಮೇಲಿನ ಸಿಲ್ವರ್ ಓಕ್ ಮರಗಳು ಮನೆ ಕಡೆಗೆ ವಾಲಿದ್ದನ್ನು ನಾನು ನೋಡಿದ್ದು ಆಮೇಲೆ.

ತೋಟದ ಕೆಲಸದವರಿರುವ ಲೈನ್‌ಮನೆಯವರನ್ನೂ ಕರೆದುಕೊಂಡು ರಸ್ತೆಗೆ ಬಂದೆವು. ರಾತ್ರಿ ಗುಡ್ಡ ಜರಿಯಿತು. ನಾವೆಲ್ಲ ಉಳಿದೆವು. ಜೋಡುಪಾಲದಲ್ಲಿ, ಸುತ್ತಲಿನ ಊರುಗಳಲ್ಲಿ ಎಷ್ಟೋ ಮನೆಯವರಿಗೆ ಆ ಭಾಗ್ಯ ಇರಲಿಲ್ಲ. ಗಂಜಿ ಕೇಂದ್ರದಲ್ಲಿ ಅಪ್ಪ ಅಂಗಿಯೊಳಗಿಂದ ಡೈರಿ ತೆಗೆದಾಗ 16ರ ಪುಟದ ಶಾಯಿ ಕದಡಿ ನೀಲಿ ಮಚ್ಚೆಯಾಗಿತ್ತು. 17ರಿಂದ ಹನ್ನೊಂದು ಪುಟ ಖಾಲಿ. ಆ ಪುಟಗಳನ್ನು ಈಗಲೂ ತಿರುವಲು ನನ್ನಿಂದಾಗುವುದಿಲ್ಲ.

ಮಳೆಯೊಂದನ್ನೇ ದೂರಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ನಮ್ಮ ಗುಡ್ಡಗಳಲ್ಲಿ ಬಂಡೆಯ ಮೇಲೆ ದಪ್ಪ ಮಣ್ಣಿದೆ. ನೀರು ಇಳಿದಷ್ಟೂ ಮಣ್ಣಿನ ಭಾರ ಏರುತ್ತದೆ, ಹಿಡಿತ ಸಡಿಲುತ್ತದೆ. ಅಂಥ ಗುಡ್ಡದ ಬುಡವನ್ನು ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಅಂತ ಜೆಸಿಬಿಯಲ್ಲಿ ನೆಟ್ಟಗೆ ಕಡಿದವರು ನಾವೇ. ನಮ್ಮ ಮನೆಯ ಹಿಂದಿನ ಬರೆಯನ್ನೂ ಕಾಫಿ ಒಣಗಿಸುವ ಕಣಕ್ಕೆಂದು ಕಡಿಸಿದ್ದೆವು. ಆಮೇಲೂ ಕೊಡಗಿನಲ್ಲಿ ಗುಡ್ಡ ಜರಿಯಿತು: 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಒಂದೊಂದು ಆಗಸ್ಟ್ ಬಂದಾಗಲೂ ಎದೆ ಹಿಡಿದುಕೊಳ್ಳುತ್ತದೆ.

2024ರ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. 200ಕ್ಕೂ ಹೆಚ್ಚು ಜೀವ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಆ ಜಿಲ್ಲೆಯ ತುಂಬ ಮಾಪಕ ಇಟ್ಟು ಮಳೆ ಅಳೆಯುತ್ತದೆ. ದುರಂತಕ್ಕೆ ಮುಂಚಿನ ಎರಡು ದಿನ ಅಲ್ಲಿನ ಪುತ್ತುಮಲದಲ್ಲಿ ಬಿದ್ದದ್ದು 200 ಮಿ.ಮೀ., ಆಮೇಲೆ 372. ಅದನ್ನು ಓದಿದ ಕೂಡಲೇ ಇಂಚಿಗೆ ಇಳಿಸಿ ನೋಡಿದೆ. ಎರಡೇ ದಿನದಲ್ಲಿ ಇಪ್ಪತ್ತೆರಡೂವರೆ ಇಂಚು! ಇಂಥ ಲೆಕ್ಕ ಕೂಡಿಸಲು ಬೇಕಾದದ್ದೆಲ್ಲ ನಮ್ಮ ಅಂಗಳದಲ್ಲೇ ಇತ್ತಲ್ಲ ಅಂತ ಅವತ್ತು ಕರುಳು ಹಿಂಡಿತು. ನಾವು ದಿನದಿನದ್ದು ಬರೆದೆವು, ಕೂಡಿಸಿ ನೋಡಲಿಲ್ಲ.

ಈಗ ಅಳೆಯುವುದು ನಾನು. ಮನೆ ಬೇರೆ ಕಡೆ, ಮಾಪಕ ಮಾತ್ರ ತೋಟದ ಹಳೆಯ ಜಾಗದಲ್ಲೇ ಇದೆ. ಅವತ್ತಿನ ಮಳೆಯ ಪಕ್ಕ ಮೂರು ದಿನದ ಮೊತ್ತ ಕೆಂಪು ಶಾಯಿಯಲ್ಲಿ ಬರೆದು, ಬರೆಯ ಕೆಳಗಿರುವ ಒಂಬತ್ತು ಮನೆಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ. ಕೆಳಮನೆಯ ಅತ್ತೆಗೆ ಫೋನ್ ಓದಲು ಬಾರದು. ಅವರಿಗೆ ಕರೆ ಮಾಡಿ ಹೇಳಬೇಕು. ‘ಎಷ್ಟಾಯ್ತು ಅಂತ ಆಮೇಲೆ ಹೇಳು, ಒರತೆ ನೀರು ಹೇಗಿದೆ ಮೊದಲು ಹೇಳು’ ಅನ್ನುತ್ತಾರೆ. ಇವತ್ತು ಬೆಳಿಗ್ಗೆ ಬೊಗಸೆಯಲ್ಲಿ ಹಿಡಿದು ನೋಡಿ ಬಂದೆ. ತಿಳಿಯಾಗಿದೆ.