ಹಾಲಲ್ಲಿ ಹಾಕಿಟ್ಟ ಹಲ್ಲು

ಕೊಡಗಿನಲ್ಲಿ ಬೇಸಿಗೆ ರಜೆ ಅಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಸ್ಟಿಕ್ ಕೆಳಗಿಡುವುದೇ ಇಲ್ಲ. ನಾಪೋಕ್ಲು ಹತ್ತಿರದ ನಮ್ಮೂರಿನ ಮೈದಾನದಲ್ಲೂ ಅಷ್ಟೇ.

ಅವತ್ತು ಭಾನುವಾರ. ಆಟದ ಮಧ್ಯೆ ಯಾರದೋ ಸ್ಟಿಕ್ ಮೇಲೆದ್ದು ಅಕ್ಕನ ಮಗನ ಬಾಯಿಗೆ ಬಡಿಯಿತು. ಹದಿನಾಲ್ಕರ ಹುಡುಗ. ಬಾಯಿ ತುಂಬ ರಕ್ತ. "ಮಾವ, ಹಲ್ಲು ಹೋಯ್ತು" ಅಂತ ಅಳುತ್ತಾ ಬಂದ. ಮೇಲಿನ ಮುಂದಿನ ಹಲ್ಲಿನ ಜಾಗದಲ್ಲಿ ಖಾಲಿ ಗುಳಿ.

ನಾನು ಕರ್ಚೀಫು ಒತ್ತಿ ಹಿಡಿದೆ. ತಲೆ ಸುತ್ತುತ್ತಿದೆಯಾ, ವಾಂತಿ ಬರುವ ಹಾಗಾಗುತ್ತಿದೆಯಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದ. ಅಷ್ಟರಲ್ಲಿ ಪಿಟಿ ಮೇಷ್ಟ್ರು "ಹಲ್ಲು ಹುಡುಕ್ರೋ, ಕಾಲಿಡಬೇಡಿ" ಅಂತ ಹುಡುಗರನ್ನೆಲ್ಲ ಹುಲ್ಲಿಗೆ ಇಳಿಸಿದರು. ಸಿಕ್ಕಿತು. ಬೇರಿನ ಸಮೇತ ಅದನ್ನು ನೋಡಿದ್ದು ಅವತ್ತೇ ಮೊದಲು. ಹೊರಗೆ ಕಾಣುವ ಬಿಳಿ ಭಾಗಕ್ಕಿಂತ ಬೇರೇ ಉದ್ದ, ಸ್ವಲ್ಪ ಹಳದಿ, ತುದಿಯಲ್ಲಿ ಒಂದೆರಡು ಮಣ್ಣಿನ ಕಣ.

ಮೇಷ್ಟ್ರು ಬಿಳಿ ಭಾಗವನ್ನಷ್ಟೇ ಹಿಡಿದರು. ನೀರಿನಲ್ಲಿ ಒಂದು ಕ್ಷಣ ತೊಳೆದರು, ಉಜ್ಜಲಿಲ್ಲ. ಅಲ್ಲೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸುವುದು ಎಲ್ಲಕ್ಕಿಂತ ಒಳ್ಳೆಯದಂತೆ. ಆದರೆ ಹುಡುಗ ಹೆದರಿ ಬಾಯೇ ಬಿಡಲಿಲ್ಲ. ಪಕ್ಕದ ಮನೆಯವರು ಸ್ಟೀಲ್ ಲೋಟದಲ್ಲಿ ತಣ್ಣನೆ ಹಾಲು ತಂದುಕೊಟ್ಟರು. ಹಲ್ಲು ಅದರೊಳಗೆ ಹೋಯಿತು.

ನಮ್ಮಲ್ಲಿ ಎಷ್ಟೋ ಜನ ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಬೇರಿನ ಮೇಲೆ ಜೀವಂತ ಕೋಶಗಳ ತೆಳು ಪದರ ಇರುತ್ತದೆ. ಹಲ್ಲು ಮತ್ತೆ ಎಲುಬಿಗೆ ಹಿಡಿದುಕೊಳ್ಳುವುದು ಅದರಿಂದಲೇ. ಗಾಳಿಗೆ ಒಣಗಿದರೆ ಅರ್ಧ ಗಂಟೆಯೊಳಗೇ ಆ ಕೋಶಗಳು ಸಾಯತೊಡಗುತ್ತವೆ, ಒಂದು ಗಂಟೆ ದಾಟಿದರೆ ಉಳಿಯುವುದು ಕಷ್ಟ. ನೀರಲ್ಲಿ ನೆನೆಸಿಟ್ಟರೂ ಕೆಡುತ್ತವೆ. ಹಾಲಲ್ಲಿ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಹಾಗಂತ ಮಕ್ಕಳ ಹಾಲುಹಲ್ಲು ಬಿದ್ದರೆ ವಾಪಸ್ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಭಾನುವಾರ ಯಾವ ಕ್ಲಿನಿಕ್ ತೆಗೆದಿರುತ್ತದೆ? ಸಿಗ್ನಲ್ ಸಿಗುವ ತಿರುವಿನವರೆಗೆ ಓಡಿ ವಿರಾಜಪೇಟೆಯ ಪರಿಚಯದ ದಂತವೈದ್ಯೆಗೆ ಫೋನ್ ಮಾಡಿದೆ. "ಹಾಲಲ್ಲಿ ಇದೆಯಲ್ವಾ? ತಕ್ಷಣ ಹೊರಡಿ, ನಾನು ಬಾಗಿಲು ತೆಗೆದಿರ್ತೇನೆ" ಅಂದರು. ಆ ಮಾತು ಕೇಳಿದ ಮೇಲೆಯೇ ನನ್ನ ಕೈ ನಡುಗುವುದು ನಿಂತಿದ್ದು. ಚೆಯ್ಯಂಡಾಣೆ, ಕಡಂಗ ದಾಟುವಾಗ ಪ್ರತಿ ತಿರುವಿನಲ್ಲೂ ಅಕ್ಕ ಲೋಟದ ಬಾಯಿಗೆ ಅಂಗೈ ಮುಚ್ಚಿ ಹಿಡಿದಿದ್ದಳು.

ಅಲ್ಲಿ ಎಕ್ಸ್‌ರೇ ತೆಗೆದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಗುಳಿ ತೊಳೆದು ಹಲ್ಲು ಕೂರಿಸಿದರು. ಪಕ್ಕದ ಹಲ್ಲುಗಳ ಜೊತೆ ಸೇರಿಸಿ ತೆಳುವಾದ ತಂತಿ ಅಂಟಿಸಿದರು, ಎರಡು ವಾರಕ್ಕೆ. ಟಿಟಿ ಇಂಜೆಕ್ಷನ್, ಆಂಟಿಬಯಾಟಿಕ್, ಮೆದು ಬ್ರಷ್, ಮೆತ್ತನೆ ಊಟ. ಅವನ ಹಲ್ಲಿನ ಬೇರು ಪೂರ್ತಿ ಬೆಳೆದಿದ್ದರಿಂದ ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡಲೇಬೇಕು ಅಂದರು. ಮಾಡಿಸಿದೆವು.

ಇಷ್ಟಾದರೂ ಹಲ್ಲು ಗಟ್ಟಿಯಾಗಿ ನಿಂತೇ ನಿಲ್ಲುತ್ತದೆ ಅಂತ ಡಾಕ್ಟರಮ್ಮ ಭರವಸೆ ಕೊಡಲಿಲ್ಲ. ಬೇರು ನಿಧಾನವಾಗಿ ಕರಗಬಹುದು, ವರ್ಷ ವರ್ಷ ಬಂದು ಎಕ್ಸ್‌ರೇ ತೆಗೆಸಿ ಅಂದರು. ಅವರು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು.

ಹುಡುಗ ಈಗ ಹಲ್ಲು ಕಾಯುವ ಮೌತ್‌ಗಾರ್ಡ್ ಹಾಕದೆ ಮೈದಾನಕ್ಕೆ ಇಳಿಯುವುದಿಲ್ಲ. ಮೇಷ್ಟ್ರು ಉಳಿದವರಿಗೂ ತರಿಸಲು ದುಡ್ಡು ಸೇರಿಸುತ್ತಿದ್ದಾರೆ. ನಾನೂ ಕೊಟ್ಟಿದ್ದೇನೆ, ಮುಂದಿನ ರಜೆಯೊಳಗೆ ಎಲ್ಲರಿಗೂ ಆಗಬೇಕು.