ಕಾರು ತಗ್ಗಿಸುವ ಲೆಕ್ಕಾಚಾರ

ವೇಗದ ಕಾರನ್ನು ನೆಲಕ್ಕೆ ಇನ್ನಷ್ಟು ಹತ್ತಿರ ತರಬೇಕೆಂಬ ಆಸೆ ನನಗೂ ಇದೆ. ಆದರೆ ಲೆಕ್ಕ ಹಾಕಲು ಕುಳಿತರೆ ಸ್ಪ್ರಿಂಗ್‌ಗಳ ಬೆಲೆ ಖರ್ಚಿನ ಮೊದಲ ಕಂತು ಮಾತ್ರ ಎಂಬುದು ಅರಿವಾಗುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿ 30 ಮಿಲಿಮೀಟರ್ ಇಳಿಸಿದರೆ ಶಾಕ್ ಅಬ್ಸಾರ್ಬರ್ ಕುಗ್ಗಲು ಇದ್ದ ಜಾಗವೂ ಅಷ್ಟರಮಟ್ಟಿಗೆ ಕಡಿಮೆಯಾಗಿ, ಗುಂಡಿಗೆ ಬಿದ್ದಾಗ ಅದು ಬೇಗನೆ ಬಂಪ್ ಸ್ಟಾಪ್‌ಗೆ (ಕುಗ್ಗುವಿಕೆಯನ್ನು ಕೊನೆಯಲ್ಲಿ ತಡೆಯುವ ಮೆತ್ತೆಗೆ) ಬಡಿಯುತ್ತದೆ. ಗಡುಸಾದ ಹೊಸ ಸ್ಪ್ರಿಂಗನ್ನು ಹಳೆಯ ಶಾಕ್ ಅಬ್ಸಾರ್ಬರ್ ಹತೋಟಿಯಲ್ಲಿಡಲಾರದು. ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು.

ಆಮೇಲೆ ವೀಲ್ ಅಲೈನ್‌ಮೆಂಟ್ ಅನಿವಾರ್ಯ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ) ಕೋನಗಳು ಬದಲಾದದ್ದನ್ನು ಸರಿಪಡಿಸದಿದ್ದರೆ, ಹೊರಗಿನಿಂದ ನೋಡುವವರಿಗೆ ಟೈರು ಹೊಸದರಂತೆಯೇ ಕಾಣುತ್ತಿದ್ದರೂ ಒಳ ಅಂಚು ಸವೆದು ತಂತಿ ಹೊರಬಂದಿರುತ್ತದೆ.

ಹೆಚ್ಚು ತಗ್ಗಿಸಿದಷ್ಟೂ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ನಾನಂತೂ ಒಪ್ಪುವುದಿಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿರುವ ಸಸ್ಪೆನ್ಷನ್) ಇರುವ ಕಾರುಗಳಲ್ಲಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೋ ಆ ಬಿಂದು), ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿದು ಎರಡರ ನಡುವಿನ ಅಂತರ ಹೆಚ್ಚುವುದರಿಂದ, ಸ್ಪ್ರಿಂಗ್‌ನ ಗಡಸುತನ ಸಾಲದಿದ್ದರೆ ಕಾರು ಮೊದಲಿಗಿಂತ ಹೆಚ್ಚೇ ವಾಲಬಹುದು. (ಫೋಟೊದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ನಿಜ.)

ಸದ್ಯಕ್ಕೆ, ಈಗಿರುವ ಶಾಕ್ ಅಬ್ಸಾರ್ಬರ್‌ಗಳು ಸವೆದು ಹೇಗೂ ಬದಲಿಸಬೇಕಾಗಿ ಬಂದಾಗಲೇ, 20 ಮಿಲಿಮೀಟರ್ ಮೀರದಂತೆ ಇಳಿಸೋಣವೆಂದು ನಿರ್ಧರಿಸಿದ್ದೇನೆ.