ವಿಕ್ಟೋರಿಯಾ ಕ್ರಾಸ್ ಪಡೆದ ಗೋವಿಂದ ಸಿಂಗ್ ಕ್ಯಾಪ್ಟನ್ ಯಾಕಾಗಲಿಲ್ಲ?

ಗೋವಿಂದ ಸಿಂಗ್ ಅವರ ಹೆಸರು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ: ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿಯೂ ಅವರು ಜಮಾದಾರ್ ಆದರಷ್ಟೆ, ಕ್ಯಾಪ್ಟನ್ ಯಾಕಾಗಲಿಲ್ಲ?

ಮೊದಲು ಅವರು ಮಾಡಿದ್ದೇನು ನೋಡಿ. 1917ರ ಡಿಸೆಂಬರ್ 1, ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಕಾಂಬ್ರೆ ಕದನ. 28ನೇ ಲೈಟ್ ಕ್ಯಾವಲ್ರಿ ಎಂಬ ಅಶ್ವದಳದ ಲ್ಯಾನ್ಸ್ ದಫೇದಾರ್ (ದಫೇದಾರನಿಗಿಂತ ಒಂದು ಮೆಟ್ಟಿಲು ಕೆಳಗೆ) ಗೋವಿಂದ ಸಿಂಗ್ ಆಗ ಇನ್ನೊಂದು ಅಶ್ವದಳವಾದ 2ನೇ ಲ್ಯಾನ್ಸರ್ಸ್ ಜೊತೆಗಿದ್ದರು. ರೆಜಿಮೆಂಟಿಗೂ ಬ್ರಿಗೇಡ್ ಕಚೇರಿಗೂ ನಡುವೆ ಒಂದೂವರೆ ಮೈಲಿ ಬಟ್ಟಬಯಲು, ಪೂರಾ ಶತ್ರುವಿನ ಕಣ್ಣಳತೆಯಲ್ಲಿ. ಸಂದೇಶ ಒಯ್ಯಲು ಮೂರು ಸಲವೂ ತಾವಾಗಿಯೇ ಮುಂದೆ ಬಂದರು. ಮೂರು ಸಲವೂ ಕುದುರೆಗೆ ಗುಂಡು ಬಿತ್ತು. ಮೂರು ಸಲವೂ ಉಳಿದ ದಾರಿಯನ್ನು ಕಾಲ್ನಡಿಗೆಯಲ್ಲೇ ಮುಗಿಸಿ ಕಾಗದ ತಲುಪಿಸಿದರು.

ಈಗ ಪ್ರಶ್ನೆಗೆ ಬರೋಣ. ಪದಕಕ್ಕೂ ದರ್ಜೆಗೂ ಸಂಬಂಧವಿರಲಿಲ್ಲ. ನಮ್ಮಲ್ಲಿ ದಫೇದಾರ್ ಎಂದರೆ ಜಿಲ್ಲಾಧಿಕಾರಿಯ ಕೊಠಡಿಯ ಮುಂದೆ ಪೇಟ ತೊಟ್ಟು ನಿಲ್ಲುವವರು. ಅಶ್ವದಳದಲ್ಲಿ ಅದು ಹವಾಲ್ದಾರನಿಗೆ ಸಮನಾದ ದರ್ಜೆ. ಅಲ್ಲಿಂದ ಜಮಾದಾರ್, ರಿಸಾಲ್ದಾರ್, ಕೊನೆಗೆ ರಿಸಾಲ್ದಾರ್ ಮೇಜರ್. ಭಾರತೀಯರಿಗೆ ಅದರಾಚೆ ಮೆಟ್ಟಿಲೇ ಇರಲಿಲ್ಲ. ಮೂವತ್ತು ವರ್ಷ ದುಡಿದ ರಿಸಾಲ್ದಾರ್ ಮೇಜರ್ ಕೂಡ ನಿನ್ನೆ ಮೊನ್ನೆ ಹಡಗಿಳಿದ ಬ್ರಿಟಿಷ್ ಸೆಕೆಂಡ್ ಲೆಫ್ಟಿನೆಂಟನ ಕೆಳಗೇ. ಇದು ಕಡೆಗಣನೆಯಲ್ಲ, ನಿಯಮ. ಅದಕ್ಕೇ ಅದು ಹೆಚ್ಚು ನೋಯಿಸುತ್ತದೆ.

ವಿಕ್ಟೋರಿಯಾ ಕ್ರಾಸ್ ಭಾರತೀಯರಿಗೆ ಸಿಗುವಂತಾದದ್ದೇ 1911ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು 1837ರ ಆರ್ಡರ್ ಆಫ್ ಮೆರಿಟ್. ಅದರಲ್ಲಿ ಮೂರು ವರ್ಗ, ಮೇಲಿನ ವರ್ಗಕ್ಕೇರಲು ಮತ್ತೆ ಮತ್ತೆ ಪರಾಕ್ರಮ ತೋರಿಸಬೇಕಿತ್ತು. ಪದಕದ ಜೊತೆ ಸಂಬಳ ಏರುತ್ತಿತ್ತು, ಅಧಿಕಾರ ಏರುತ್ತಿರಲಿಲ್ಲ.

1917ರ ಆಗಸ್ಟಿನಲ್ಲಿ ಒಂಬತ್ತು ಭಾರತೀಯರಿಗೆ ಕಿಂಗ್ಸ್ ಕಮಿಷನ್, ಅಂದರೆ ಕ್ಯಾಪ್ಟನ್‌ನಂಥ ದರ್ಜೆಗೆ ಬೇಕಾದ ಬ್ರಿಟಿಷ್ ರಾಜನ ನೇಮಕಾತಿ, ಕೊಟ್ಟರು. ಆದರೆ ಅವರು ಗಣ್ಯ ಮನೆತನಗಳವರು, ಸವಾರರಾಗಿ ಸೇರಿ ಮೇಲೇರಿದವರಲ್ಲ. ಮರುವರ್ಷದಿಂದ ಇಂಗ್ಲೆಂಡಿನ ಸೇನಾಧಿಕಾರಿಗಳ ಶಾಲೆ ಸ್ಯಾಂಡ್‌ಹರ್ಸ್ಟ್‌ನಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸೀಟು.

ಗೋವಿಂದ ಸಿಂಗ್ ಅವರ ಮೂಲ ರೆಜಿಮೆಂಟ್ ಮುಂದೆ 7ನೇ ಲೈಟ್ ಕ್ಯಾವಲ್ರಿ ಆಯಿತು. 1923ರಲ್ಲಿ, ಭಾರತೀಯ ಅಧಿಕಾರಿಗಳನ್ನೇ ತುಂಬಬೇಕೆಂದು ಆರಿಸಿದ ಎಂಟು ಘಟಕಗಳಲ್ಲಿ ಅದೂ ಒಂದು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಟ್ಯಾಂಕ್ ನುಗ್ಗಿಸಿದ್ದು ಇದೇ ರೆಜಿಮೆಂಟು. ಆ ದಾಳಿ ನಡೆಸಿದ ಸೇನಾ ಡಿವಿಷನ್ನಿನ ಮುಖ್ಯಸ್ಥರು ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತ ಕೊಡಗಿನ ತಿಮ್ಮಯ್ಯ.